ಡ್ರಮ್ ಬಾರಿಸಿದವನಿಗೂ ಒಂದು ಹೆಸರಿದೆ

ಮೊನ್ನೆ ಭಾನುವಾರ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ಬಾಂದ್ರಾದಲ್ಲಿ ಹೊಸ ಕೆಫೆ ತೆರೆಯುತ್ತಿದ್ದಾನಂತೆ. ಡೊಂಬಿವಲಿಯಲ್ಲಿ ಒಬ್ಬ ಮುದುಕನ ಹತ್ತಿರ ಹಳೆಯ ಜಾಝ್ ರೆಕಾರ್ಡುಗಳಿವೆ ಎಂದು ಯಾರೋ ಅವನಿಗೆ ಹೇಳಿದ್ದಾರೆ. ಆ ಮುದುಕ ನಾನೇ. ಅವನು ಬಂದ ಸಮಯವೂ ಹಾಗೆಯೇ ಇತ್ತು ನೋಡಿ. ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗಿದೆ. ದೀಪಾವಳಿಯೊಳಗೆ ಖಾಲಿ ಮಾಡಬೇಕು. ಬಾಡಿಗೆಗೆ ಸಿಕ್ಕಿರುವ ಮನೆ ಇದಕ್ಕಿಂತ ಚಿಕ್ಕದು. ಕಪಾಟಿನ ಎರಡು ಸಾಲು ತುಂಬ ಸುಮಾರು ನಾಲ್ಕು ನೂರು ಎಲ್‌ಪಿಗಳಿವೆ. ನನ್ನವಳು ದಿನಕ್ಕೊಮ್ಮೆ ಕೇಳುತ್ತಾಳೆ, "ಪಾತ್ರಿ ಕೊಂಡ್ ಹೋಪ್ದಾ, ಈ ತಟ್ಟಿ ಕೊಂಡ್ ಹೋಪ್ದಾ? ಒಂದ್ ತೀರ್ಮಾನ ಮಾಡಿ."

ಹುಡುಗ ಒಳ್ಳೆಯವನೇ. ಚಪ್ಪಲಿ ಹೊರಗೆ ಬಿಟ್ಟು ಬಂದ, ಕೊಟ್ಟ ಕಾಫಿ ಕುಡಿದ. ಒಂದೊಂದೇ ಕವರು ತೆಗೆದು ಮುಂದಿನ ಚಿತ್ರ ನೋಡಿದ, ಫೋನಿನಲ್ಲಿ ಫೋಟೋ ಹೊಡೆದ, ಪಕ್ಕಕ್ಕಿಟ್ಟ. ಹೀಗೆ ಅರವತ್ತು ಎಪ್ಪತ್ತು ಕವರು ಆರಿಸಿದ. ಕೊನೆಗೆ ಹೇಳಿದ, "ಅಂಕಲ್, ನನಗೆ ಕವರ್ ಮಾತ್ರ ಸಾಕು. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕ್ತೇನೆ. ಒಳಗಿನ ರೆಕಾರ್ಡ್ ನೀವೇ ಇಟ್ಕೊಳ್ಳಿ." ಅವನು ಹೇಳಿದ ರೇಟು ಕೇಳಿ ಒಳಗಿದ್ದ ನನ್ನವಳು ಬಾಗಿಲ ತನಕ ಬಂದು ನಿಂತಳು. ಅಷ್ಟು ಒಳ್ಳೆಯ ರೇಟು!

ನಾನು ಯೋಚಿಸಿ ಹೇಳುತ್ತೇನೆ ಅಂದೆ. ಅವನು ಹೋದ ಮೇಲೆ ಒಂದು ವಿಷಯ ಹೊಳೆಯಿತು. ಅಷ್ಟೂ ಕವರುಗಳಲ್ಲಿ ಒಂದನ್ನೂ ಅವನು ತಿರುಗಿಸಿ ಹಿಂಬದಿ ನೋಡಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಹಿಂಬದಿಗಾಗಿ.

ಮೊದಲು ನನಗೂ ಜಾಝಿಗೂ ಏನು ಸಂಬಂಧ ಎಂದು ಹೇಳಿಬಿಡುತ್ತೇನೆ. ಯಾಕೆಂದರೆ ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕವರು ಇದನ್ನು ಕೇಳಿಯೇ ಕೇಳುತ್ತಾರೆ. "ನೀವು ಕುಂದಾಪುರದವ್ರು, ಯಕ್ಷಗಾನ ಬಿಟ್ಟು ಇದೆಂಥದು ಮಾರಾಯ್ರೆ?" ಯಕ್ಷಗಾನ ಬಿಟ್ಟಿಲ್ಲ. ಮಾಟುಂಗಾದಲ್ಲಿ ಆಟವಿದ್ದರೆ ಕಡೆಯ ಲೋಕಲ್ ತಪ್ಪಿಸಿಕೊಂಡು ಬೆಳಗಿನ ತನಕ ಕೂತವನು ನಾನು. ಆದರೆ ಜಾಝ್ ನನಗೆ ಸಿಕ್ಕಿದ್ದು ಯಾವ ಕ್ಲಬ್ಬಿನಲ್ಲೂ ಅಲ್ಲ, ಉಡುಪಿ ಹೋಟೆಲಿನಲ್ಲಿ.

1974ರಲ್ಲಿ ನಾನು ಮುಂಬೈಗೆ ಬಂದಾಗ ಹದಿಮೂರು ವರ್ಷ. ಧೋಬಿ ತಲಾವಿನ ಹತ್ತಿರದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಹಗಲು ಕೆಲಸ, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆ. ನಮ್ಮ ತಲೆಮಾರಿನ ಎಷ್ಟೋ ಜನರ ಕತೆ ಇದು, ಹೊಸದೇನಲ್ಲ. ಅಲ್ಲಿ ನನ್ನದೇ ಹೆಸರಿನ ಇನ್ನೊಬ್ಬ ಹುಡುಗ ನನಗಿಂತ ಮೊದಲೇ ಇದ್ದ. ಹಾಗಾಗಿ ಧಣಿಗಳು ನನ್ನನ್ನು "ಸಣ್ಣವ" ಅಂದರು. ಅಡಿಗೆಯವರಿಗೆ ನಾನು "ಮಾಣಿ". ಗಿರಾಕಿಗಳಿಗೆ "ಏ ಪೋರ್ಯಾ". ನನ್ನ ಹೆಸರು ಹಿಡಿದು ಕರೆಯುತ್ತಿದ್ದುದು ರಾತ್ರಿ ಶಾಲೆಯ ಹಾಜರಿ ಪುಸ್ತಕ ಮಾತ್ರ. ಈಗ ನೆನೆದರೆ, ಮೈತುಂಬ ನಿದ್ದೆಯಿದ್ದರೂ ಶಾಲೆ ತಪ್ಪಿಸದಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಧೋಬಿ ತಲಾವಿನ ಜೇರ್ ಮಹಲ್ ಎಂಬ ಹಳೆಯ ಕಟ್ಟಡದಲ್ಲಿ ಗೋವಾದವರ 'ಕೂಡ್'ಗಳಿದ್ದವು. ಕೂಡ್ ಎಂದರೆ ಒಂದೊಂದು ಹಳ್ಳಿಯವರು ತಮ್ಮೂರ ಗಂಡಸರಿಗಾಗಿ ಮಾಡಿಕೊಂಡ ವಸತಿ. ಹಡಗಿನ ಕೆಲಸದವರು, ಅಡಿಗೆಯವರು, ವಾದ್ಯ ನುಡಿಸುವವರು ಗೋಡೆಗುಂಟ ತಮ್ಮ ಟ್ರಂಕಿಟ್ಟುಕೊಂಡು ಮಲಗುವ ಜಾಗ. ನಾವು ಹೋಟೆಲಿನ ಮೇಜು ಜೋಡಿಸಿ ಅದರ ಮೇಲೆ ಮಲಗುತ್ತಿದ್ದೆವಲ್ಲ, ಹೆಚ್ಚೂಕಡಿಮೆ ಅದೇ. ಅಲ್ಲಿಂದ ದಿನಾ ಬೆಳಿಗ್ಗೆ ಒಬ್ಬರು ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಟ್ರಂಪೆಟಿನ ಪೆಟ್ಟಿಗೆ. ಇಡ್ಲಿ, ಒಂದು ಚಹಾ. ಆಮೇಲೆ ಟ್ರೇನು ಹಿಡಿದು ರೆಕಾರ್ಡಿಂಗಿಗೆ. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು.

ಒಂದು ದಿನ ಹೋಟೆಲಿನ ರೇಡಿಯೋದಲ್ಲಿ ಒಂದು ಹಿಂದಿ ಹಾಡು ಬರುತ್ತಿತ್ತು. ಹಾಡಿನ ಮಧ್ಯೆ ಟ್ರಂಪೆಟ್ ಬಂತು. ಅಂಕಲ್ ಚಹಾದ ಲೋಟ ಕೆಳಗಿಟ್ಟು, "ಅದು ನಾನು ರೇ" ಅಂದರು. ನಾನು ನಂಬಲಿಲ್ಲ. ರೇಡಿಯೋದಲ್ಲಿ ಬರುವವರು ನಮ್ಮ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾರೆಯೇ? ಮರುದಿನ ಅವರು ಎರಡು ರೆಕಾರ್ಡು ತಂದರು. ಮೊದಲನೆಯದು ಆ ಸಿನಿಮಾದ್ದು. "ನನ್ನ ಹೆಸರು ಹುಡುಕು" ಅಂದರು. ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಸಂಗೀತ ನಿರ್ದೇಶಕರಿದ್ದರು, ಹಾಡು ಬರೆದವರು, ಹಾಡಿದವರು, ಹೀರೋ ಹೀರೋಯಿನ್ ಎಲ್ಲ ಇದ್ದರು. ಅಂಕಲ್ ಇರಲಿಲ್ಲ.

ಎರಡನೆಯ ಕವರು ನೀಲಿ ಬಣ್ಣದ್ದು, ಟ್ರಂಪೆಟ್ ಊದುತ್ತಿರುವ ಒಬ್ಬ ಕರಿಯ ಮನುಷ್ಯನ ಮುಖ. ಅದು ಮೈಲ್ಸ್ ಡೇವಿಸನ 'ಕೈಂಡ್ ಆಫ್ ಬ್ಲೂ', 1959ರದ್ದು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಂಕಲ್ ಅದನ್ನು ತಿರುಗಿಸಿ ಹಿಂಬದಿಯ ಮೇಲೆ ಬೆರಳಿಟ್ಟರು. ಟ್ರಂಪೆಟ್ ಯಾರು, ಸ್ಯಾಕ್ಸೊಫೋನ್ ಯಾರು, ಪಿಯಾನೋ ಯಾರು, ಬಾಸ್ ಯಾರು, ಡ್ರಮ್ಮು ಯಾರು... ಎಲ್ಲ ಅಚ್ಚಾಗಿತ್ತು. "ನೋಡು, ಡ್ರಮ್ ಬಾರಿಸಿದವನಿಗೂ ಒಂದು ಹೆಸರಿದೆ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಟ್ರಂಪೆಟ್ ಪೆಟ್ಟಿಗೆ ಎತ್ತಿಕೊಂಡು ಹೋದರು.

ಸ್ನೇಹಿತರೆ, ನಾನು ಜಾಝ್ ಹಿಡಿದದ್ದು ಕಿವಿಯಿಂದಲ್ಲ. ಆ ಹಿಂಬದಿಯಿಂದ.

ಮುಂಬೈಯ ಜಾಝಿನ ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1935ರಲ್ಲಿ ಲಿಯಾನ್ ಆಬಿ ಎಂಬ ಆಫ್ರಿಕನ್ ಅಮೆರಿಕನ್ ಪಿಟೀಲುಗಾರ ತನ್ನ ಬ್ಯಾಂಡ್ ಕಟ್ಟಿಕೊಂಡು ತಾಜ್ ಮಹಲ್ ಹೋಟೆಲಿಗೆ ಬಂದ. ಅವನ ಹಿಂದೆಯೇ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫೋರ್ಡ್ ಮುಂತಾದವರು. ತಮ್ಮ ದೇಶದಲ್ಲಿ ಬಿಳಿಯರ ಜೊತೆ ಕೂರಲು ಬಿಡದಿದ್ದ ಜನ ಅರಬ್ಬಿ ಸಮುದ್ರ ದಾಟಿ ಬಂದು ಇಲ್ಲಿನ ಸಾಹೇಬರನ್ನೂ ರಾಜರನ್ನೂ ಕುಣಿಸಿದರು. ಅವರಿಂದ ಕಲಿತವರು ಗೋವಾದ ಹುಡುಗರು. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಅವರಿಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಮೊದಲೇ ಬರುತ್ತಿತ್ತು. ಅಲ್ಡೋನಾ ಹಳ್ಳಿಯ ಆಂಟೋನಿಯೋ ಝೇವಿಯರ್ ವಾಝ್ ಎಂಬವರು 'ಚಿಕ್ ಚಾಕೊಲೇಟ್' ಆಗಿ, ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎನಿಸಿಕೊಂಡರು. ಚರ್ಚ್‌ಗೇಟ್ ರಸ್ತೆಯ ಗೇಲಾರ್ಡ್ ಮುಂತಾದ ರೆಸ್ಟೋರೆಂಟುಗಳಲ್ಲಿ ಐವತ್ತು ಅರವತ್ತರ ದಶಕಗಳಲ್ಲಿ ಸಂಜೆಯಾದರೆ ಬ್ಯಾಂಡು. ಡೇವ್ ಬ್ರೂಬೆಕ್ 1958ರಲ್ಲಿ, ಡ್ಯೂಕ್ ಎಲಿಂಗ್ಟನ್ 1963ರಲ್ಲಿ, ಸ್ವತಃ ಆರ್ಮ್‌ಸ್ಟ್ರಾಂಗ್ 1964ರಲ್ಲಿ ಈ ಊರಿಗೆ ಬಂದು ನುಡಿಸಿದ್ದಾರೆ.

ಆದರೆ 1949ರ ಪಾನನಿಷೇಧ ಕಾಯ್ದೆಯ ಮೇಲೆ ರಾತ್ರಿಯ ಸಂಪಾದನೆ ಇಳಿಯುತ್ತಾ ಹೋಯಿತು. ಸ್ವರಲಿಪಿ ಓದಬಲ್ಲವರು ಬೇಕಾಗಿದ್ದುದು ಸಿನಿಮಾದವರಿಗೆ. ಅಲ್ಲಿಗೆ ಹೋದರು. ಸಿ. ರಾಮಚಂದ್ರರ ಜೊತೆ ಚಿಕ್ ಚಾಕೊಲೇಟ್, ಶಂಕರ್-ಜೈಕಿಶನ್ ಜೊತೆ ಸೆಬಾಸ್ಟಿಯನ್ ಡಿಸೋಜಾ, ಇನ್ನೂ ಫ್ರಾಂಕ್ ಫರ್ನಾಂಡ್, ಆಂಥೋನಿ ಗೊನ್ಸಾಲ್ವಿಸ್. ನಾವು ಬಾಯಿಪಾಠ ಮಾಡಿರುವ ಎಷ್ಟೋ ಹಿಂದಿ ಹಾಡುಗಳ ಆ ಮಧ್ಯದ ಸಂಗೀತವನ್ನು ಕಾಗದದ ಮೇಲೆ ಕೂರಿಸಿ ಬರೆದವರು ಇಂಥವರು. ಸಿನಿಮಾದ ಟೈಟಲ್ಲಿನಲ್ಲಿ ಒಮ್ಮೊಮ್ಮೆ 'ಸಹಾಯಕ' ಎಂದು ಹೆಸರು ಬರುತ್ತಿತ್ತು. ಮನೆಗೆ ಬರುವ ರೆಕಾರ್ಡಿನ ಮೇಲೆ ಸಾಮಾನ್ಯವಾಗಿ ಅದೂ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 1977ರ 'ಅಮರ್ ಅಕ್ಬರ್ ಆಂಥೋನಿ' ಚಿತ್ರದಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಹೊರಬಂದು ತನ್ನ ಹೆಸರು ಸಾರುವ ಹಾಡು ಯಾರಿಗೆ ಗೊತ್ತಿಲ್ಲ? ಗಣಪತಿ ಮೆರವಣಿಗೆಯಲ್ಲಿ ಇವತ್ತಿಗೂ ಅದಕ್ಕೆ ಕುಣಿಯುತ್ತಾರೆ. ಆಂಥೋನಿ ಗೊನ್ಸಾಲ್ವಿಸ್ ನಿಜವಾದ ಮನುಷ್ಯ! ಗೋವಾದ ಮಜೋರ್ಡಾದವರು, ಪಿಟೀಲು ವಾದಕರು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗುರು. ಶಿಷ್ಯ ಗುರುವಿಗೆ ಸಲ್ಲಿಸಿದ ಕಾಣಿಕೆ ಅದು. 2012ರಲ್ಲಿ ಅವರು ತೀರಿಕೊಂಡರು. ಇಡೀ ದೇಶಕ್ಕೆ ಹೆಸರು ಗೊತ್ತು, ಆ ಹೆಸರಿನ ಮನುಷ್ಯ ಗೊತ್ತಿಲ್ಲ. ಉಳಿದವರ ಪಾಡು ನೀವೇ ಊಹಿಸಿ.

ನಮ್ಮ ಕನ್ನಡದ ಕಡೆಯೂ ಹಾಗೆಯೇ. ರಾಜನ್-ನಾಗೇಂದ್ರರ ಹಾಡುಗಳ ನಡುವೆ ಬರುವ ಗಿಟಾರಿಗೆ ಮನಸೋಲದವರು ಯಾರು? ನುಡಿಸಿದವರು ಯಾರು ಎಂದು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಜಾಝ್ ಲೋಕ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಹಳೆಯ 78 ಸುತ್ತಿನ ಅರಗಿನ ತಟ್ಟೆಗಳ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಬ್ಯಾಂಡಿನ ಹೆಸರಷ್ಟೇ ಇರುತ್ತಿತ್ತು. ಉಳಿದವರು ಯಾರೆಂದು ಪತ್ತೆ ಹಚ್ಚಿದವರು ತಟ್ಟೆ ಕೂಡಿಹಾಕುತ್ತಿದ್ದ ಹುಚ್ಚರು. 1936ರಲ್ಲಿ ಪ್ಯಾರಿಸಿನ ಶಾರ್ಲ್ ದಲೋನೆ ಎಂಬ ತರುಣ 'ಹಾಟ್ ಡಿಸ್ಕೊಗ್ರಫಿ' ಎಂಬ ಪುಸ್ತಕ ತಂದ. ಯಾವ ತಟ್ಟೆಯಲ್ಲಿ ಯಾರ್‍ಯಾರು ಏನೇನು ನುಡಿಸಿದ್ದಾರೆ ಎಂಬ ಪಟ್ಟಿ, ಅಷ್ಟೇ. ನಮ್ಮೂರ ದೇವಸ್ಥಾನದ ವಂತಿಗೆ ಪುಸ್ತಕದಷ್ಟೇ ನೀರಸ. ಆದರೆ ಅವನಂಥವರು ಆ ಕೆಲಸ ಮಾಡದಿದ್ದರೆ ನೂರಾರು ವಾದಕರು ಹೆಸರಿಲ್ಲದೆ ಹೋಗುತ್ತಿದ್ದರು. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು. ಹನ್ನೆರಡು ಇಂಚಿನ ತಟ್ಟೆಗೆ ಹನ್ನೆರಡು ಇಂಚಿನ ರಟ್ಟಿನ ಕವರು. ಹಿಂದೆ ಬೇಕಾದಷ್ಟು ಜಾಗ. ಆ ಜಾಗದಲ್ಲಿ ಹೆಸರುಗಳು ಬಂದು ಕೂತವು.

ಸಂಗ್ರಹ ಎಂಬುದರ ಅರ್ಥ ಇದು ಎಂದು ನನ್ನ ಅಭಿಪ್ರಾಯ. ಅಪರೂಪದ್ದನ್ನು ಬಚ್ಚಿಟ್ಟುಕೊಳ್ಳುವುದಲ್ಲ. ಯಾರು ನುಡಿಸಿದರು ಎಂಬುದನ್ನು ಕಾಯುವುದು. ತಟ್ಟೆ ಸಂಗ್ರಹ ಅರಸರ ಶೋಕಿ ಅನ್ನುವವರಿಗೂ ಒಂದು ಮಾತು. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು ದೊಡ್ಡ ರೆಕಾರ್ಡು ಸಂಗ್ರಾಹಕರು. ಅವರ ಒಲವು ಜಾಝ್ ಅಲ್ಲ, ಪಾಶ್ಚಾತ್ಯ ಶಾಸ್ತ್ರೀಯ. ಲಂಡನ್ನಿನಲ್ಲಿ ಮುಪ್ಪಿನಲ್ಲಿ, ಬಡತನದಲ್ಲಿ ಕಳೆಯುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರನನ್ನು ಜಗತ್ತು ಮರೆಯುತ್ತಿತ್ತು. 1940ರ ದಶಕದ ಕೊನೆಯಲ್ಲಿ ಒಡೆಯರು ಹಣ ಕೊಟ್ಟು ಅವನ ಕೃತಿಗಳನ್ನು, ಅವನ ಕೈಯಿಂದಲೇ ಪಿಯಾನೋ ನುಡಿಸಿ, ಎಚ್‌ಎಂವಿಯಲ್ಲಿ ಮುದ್ರಿಸುವ ಹಾಗೆ ಮಾಡಿದರು. 1951ರಲ್ಲಿ ಅವನು ತೀರಿಕೊಂಡ. ತಟ್ಟೆಗಳು ಉಳಿದವು, ಹೆಸರು ಉಳಿಯಿತು. ಅರಸರಿಗೆ ಅಷ್ಟು ಸಾಧ್ಯವಾಯಿತು. ಹೋಟೆಲ್ ಮಾಣಿಗೂ ಕೈಲಾದಷ್ಟು ಸಾಧ್ಯವಾಗಬೇಕಲ್ಲ?

ನನ್ನ ಸಂಗ್ರಹ ಶುರುವಾದದ್ದು ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ. ಎಸ್ಸೆಸ್ಸಿ ಮುಗಿಸಿ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾದ ಮೇಲೆ, ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಮೊದಲು ಅಲ್ಲಿಗೆ ಹೋಗುತ್ತಿದ್ದೆ. ಶುಕ್ರವಾರ ಅಲ್ಲಿ ಜುಮ್ಮಾ ಬಜಾರು. ನೆಲದ ಮೇಲೆ ಗೋಣಿ ಹಾಸಿ ಹಳೆಯ ನಲ್ಲಿ, ಬೀಗ, ಗಡಿಯಾರಗಳ ಜೊತೆ ರೆಕಾರ್ಡು ಹರಡಿರುತ್ತಿದ್ದರು. ಎಂಬತ್ತರ ದಶಕದಲ್ಲಿ ಜನ ಕ್ಯಾಸೆಟ್ಟಿಗೆ ಹೊರಳುತ್ತಿದ್ದರು, ತಟ್ಟೆಗಳು ರದ್ದಿಯ ಜೊತೆ ಬರುತ್ತಿದ್ದವು. ಹತ್ತು ರೂಪಾಯಿ, ಹದಿನೈದು ರೂಪಾಯಿ. ಈಗ ಅದೇ ತಟ್ಟೆಗೆ ಎರಡು ಸಾವಿರ ಹೇಳುತ್ತಾರೆ. ಸಂಬಳದ ದಿನ ಮಾತ್ರ ಕಾಲಾಘೋಡಾದ ರಿದಮ್ ಹೌಸಿಗೆ ಹೋಗಿ ಹೊಸದನ್ನು ಮುಟ್ಟಿ ನೋಡಿ ಬರುವುದು. 1948ರಲ್ಲಿ ಶುರುವಾದ ಆ ಅಂಗಡಿ 2016ರಲ್ಲಿ ಮುಚ್ಚಿತು.

ಕಲಿತದ್ದೂ ಹಾಗೆಯೇ, ಒಂದೊಂದು ಕವರಿನಿಂದ. ಒಬ್ಬ ಬಾಸ್ ವಾದಕನ ಹೆಸರು ಇಷ್ಟವಾದರೆ ಅದೇ ಹೆಸರು ಬೇರೆ ಯಾವ ಕವರಿನ ಹಿಂದೆ ಇದೆ ಎಂದು ಹುಡುಕುವುದು. ಹಾಗೆ ಒಬ್ಬನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ. ಬ್ರೂಬೆಕ್ ಕ್ವಾರ್ಟೆಟ್ಟಿನ 'ಟೇಕ್ ಫೈವ್' ಕೇಳಿದಾಗ ಕೈ ತಾನಾಗಿ ತಾಳ ಹಾಕಿತು. ಐದರ ಲೆಕ್ಕ. ನಮ್ಮ ಖಂಡಛಾಪು ಎರಡು-ಮೂರು, ಅವರದು ಮೂರು-ಎರಡು. ಬ್ರೂಬೆಕ್‌ನ ಹೆಸರಿನಲ್ಲಿ ಪ್ರಸಿದ್ಧವಾದರೂ ಅದನ್ನು ಕಟ್ಟಿದವನು ಸ್ಯಾಕ್ಸೊಫೋನಿನ ಪಾಲ್ ಡೆಸ್ಮಂಡ್. ಅದೂ ತಟ್ಟೆಯೇ ಹೇಳಿಕೊಟ್ಟದ್ದು.

ಎರಡು ತಟ್ಟೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಒಂದು, 1968ರಲ್ಲಿ ಎಚ್‌ಎಂವಿ ತಂದ ಶಂಕರ್-ಜೈಕಿಶನ್ನರ 'ರಾಗ ಜಾಝ್ ಸ್ಟೈಲ್'. ಹನ್ನೊಂದು ರಾಗಗಳು, ಜಾಝ್ ರೀತಿಯಲ್ಲಿ. ಇವರೇ ನೂರಾರು ಸಿನಿಮಾ ಹಾಡು ಮಾಡಿದವರು, ಅದೇ ವಾದಕರು. ಆದರೆ ಈ ತಟ್ಟೆಯಲ್ಲಿ ಯಾರು ನುಡಿಸಿದರೆಂದು ನಮಗೆ ಗೊತ್ತಿದೆ. ಸಿತಾರ್ ರಯೀಸ್ ಖಾನ್, ಸ್ಯಾಕ್ಸೊಫೋನ್ ಮನೋಹಾರಿ ಸಿಂಗ್, ಟ್ರಂಪೆಟ್ ಜಾನ್ ಪಿರೇರಾ, ಪಿಯಾನೋ ಲೂಸಿಲಾ ಪಾಚೆಕೊ, ಡ್ರಮ್ಸ್ ಲೆಸ್ಲಿ ಗೊಡಿನ್ಹೊ. ಸಿನಿಮಾ ಎಂದಾಗ ಇವರು 'ಆರ್ಕೆಸ್ಟ್ರಾ', ಜಾಝ್ ಎಂದಾಗ ಇವರು ಮನುಷ್ಯರು.

ಇನ್ನೊಂದು, 1983ರ 'ಜ್ಯೋತಿ'. ಜರ್ಮನಿಯ ಇಸಿಎಂ ಕಂಪನಿಯದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ, ನಮ್ಮ ನಾಗಸ್ವರವನ್ನೂ ಕಲಿತ ಚಾರ್ಲಿ ಮರಿಯಾನೊ, ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವರು. ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ನಮ್ಮ ಬೆಂಗಳೂರಿನ ಘಟದವರ ಹೆಸರು ಜರ್ಮನಿಯ ಕವರಿನ ಮೇಲೆ ಅಚ್ಚಾದದ್ದನ್ನು ನೋಡಿ ಲೋಕಲ್ ಟ್ರೇನಿನಲ್ಲಿ ನಾನು ಒಬ್ಬನೇ ನಕ್ಕದ್ದು ನೆನಪಿದೆ. ಎದುರಿಗೆ ಕೂತಿದ್ದ ಮೀನಿನ ಹೆಂಗಸು ಸ್ವಲ್ಪ ದೂರ ಸರಿದು ಕೂತಳು!

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು. ಎಲ್ಲ ಫೋನಿನಲ್ಲೇ ಸಿಗುವಾಗ ಈ ಭಾರ ಯಾಕೆ? ಬೆಂಗಳೂರಿನಲ್ಲಿರುವ ನನ್ನ ಮಗನೂ ಅದನ್ನೇ ಕೇಳುತ್ತಾನೆ. "ಅಪ್ಪಯ್ಯ, ನಿಮ್ಮ ನಾಲ್ಕು ನೂರು ತಟ್ಟೆಯೂ ನನ್ನ ಜೇಬಿನಲ್ಲಿವೆ." ನಿಜ. ನಾನೂ ಟ್ರೇನಿನಲ್ಲಿ ಫೋನಿನಲ್ಲೇ ಕೇಳುವವನು. ವಿನೈಲಿನ ಧ್ವನಿ 'ಬೆಚ್ಚಗೆ' ಇರುತ್ತದೆ, ಡಿಜಿಟಲ್ 'ತಣ್ಣಗೆ' ಇರುತ್ತದೆ ಎಂಬ ಮಾತುಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಗೀರು ಬಿದ್ದ ತಟ್ಟೆಯ ಪಟಪಟ ಸದ್ದಿನಲ್ಲಿ ಏನೋ ಮಹಿಮೆ ಇದೆ ಎನ್ನುವವರು ಅಂಗಡಿಯವರಿಗೆ ಪ್ರಿಯರು. ಮುಂಬೈ ಮಳೆಗಾಲದಲ್ಲಿ ತಟ್ಟೆ ಕಾಪಾಡುವುದು ತಲೆನೋವೇ ಸರಿ. ಬೂಷ್ಟು ಹಿಡಿಯುತ್ತದೆ, ಕವರು ಒದ್ದೆ ಹಪ್ಪಳದಂತಾಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಡೊಂಕಾಗುತ್ತದೆ, ನೆಟ್ಟಗೆ ನಿಲ್ಲಿಸಬೇಕು. ಡಿಸ್ಟಿಲ್ಡ್ ನೀರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಗೀಟು ಹೋದ ದಿಕ್ಕಿಗೇ ಒರೆಸಬೇಕು. ಹಳೆಯ ಅರಗಿನ ತಟ್ಟೆಗೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ, ಕರಗುತ್ತದೆ.

ಹಾಗಾದರೆ ಯಾಕೆ? ಒಂದು ಬದಿ ಸುಮಾರು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನಾನು ಏಳುವುದಿಲ್ಲ, ಕೈಯಲ್ಲಿ ಕವರು ಇರುತ್ತದೆ. ಕಿವಿಗೆ ಬೀಳುತ್ತಿರುವ ಪಿಯಾನೋ ಯಾರದು ಎಂದು ಕಣ್ಣು ಓದುತ್ತಿರುತ್ತದೆ. ಕೇಳುವುದೂ ಗುರುತಿಸುವುದೂ ಒಟ್ಟಿಗೇ ಆಗುತ್ತದೆ. ಫೋನಿನಲ್ಲಿ ಕವರಿನ ಮುಂಬದಿ ಅಂಚೆಚೀಟಿಯಷ್ಟಾಗಿದೆ, ಹಿಂಬದಿ ಇಲ್ಲವೇ ಇಲ್ಲ. ವಾದಕರ ಹೆಸರು ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ, ಹಲವು ಸಲ ಇಲ್ಲ. ಮುಖ್ಯ ಕಲಾವಿದನ ಹೆಸರೊಂದು ಬಿಟ್ಟರೆ ಉಳಿದವರು ಮತ್ತೆ 'ಏ ಪೋರ್ಯಾ' ಆಗಿದ್ದಾರೆ. ನನ್ನ ತಕರಾರು ಅದೊಂದೇ.

ಈಗ ವಿನೈಲ್ ಮತ್ತೆ ಫ್ಯಾಶನ್ ಆಗಿದೆ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಳಿಗಿಂತ ಹೆಚ್ಚು ತಟ್ಟೆ ಮಾರಾಟವಾದವು. 1987ರ ನಂತರ ಹಾಗಾದದ್ದು ಅದೇ ಮೊದಲು. ಒಳ್ಳೆಯದೇ. ಆದರೆ ಫ್ಯಾಶನ್ನಿನವರು ಎರಡು ಬಗೆ. ಒಬ್ಬರು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ, ಒಮ್ಮೆಯೂ ನುಡಿಸದೆ ರೇಟು ಏರಲಿ ಎಂದು ಕಾಯುವವರು. ಇನ್ನೊಬ್ಬರು ಗೋಡೆಗೆ ಹೊಡೆಯುವವರು. ಗೋಡೆಗೆ ಹೊಡೆದರೆ ಹಿಂಬದಿ ಗೋಡೆಯ ಕಡೆಗೆ ಹೋಗುತ್ತದೆ. ಅಂದರೆ ಚಂದದ ಮುಖವೊಂದು ಉಳಿಯಿತು, ದುಡಿದವರೆಲ್ಲ ಗೋಡೆಗೆ ಮುಖ ಮಾಡಿ ನಿಂತರು. ಕೆಫೆಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹಿಂಬದಿ ತೋರಿಸಿಲ್ಲ, ಅಷ್ಟೇ. ನನಗೆ ತೋರಿಸುವ ಒಬ್ಬರಿದ್ದರು.

ಆ ಅಂಕಲ್ ಏನಾದರು ಎಂದು ಹೇಳಲೇಬೇಕು. 1978ರಲ್ಲಿ ಧೋಬಿ ತಲಾವಿನ ಪಕ್ಕದ ರಂಗ್ ಭವನದಲ್ಲಿ ಮೊದಲ 'ಜಾಝ್ ಯಾತ್ರಾ' ನಡೆಯಿತು. ಸಾನಿ ರಾಲಿನ್ಸ್ ಬಂದಿದ್ದರು. ಬಯಲು ರಂಗಮಂದಿರವಾದ್ದರಿಂದ ಹೊರಗಿನ ರಸ್ತೆಗೂ ಸಂಗೀತ ಕೇಳುತ್ತಿತ್ತು. ಹೋಟೆಲು ಮುಚ್ಚಿದ ಮೇಲೆ ನಾನು ಗೋಡೆಯ ಹೊರಗೆ ನಿಂತಿದ್ದೆ. ಅಲ್ಲಿ ನನ್ನ ಹಾಗೆಯೇ ಹೊರಗೆ ನಿಂತಿದ್ದವರು ಅಂಕಲ್. ಅದೇ ಬಿಳಿ ಅಂಗಿ. ಇಬ್ಬರೂ ಮಾತಾಡಲಿಲ್ಲ, ಮುಗಿಯುವ ತನಕ ನಿಂತೆವು. ಎರಡು ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಬಂದು ಆ ನೀಲಿ ರೆಕಾರ್ಡನ್ನು ನನ್ನ ಕೈಗಿಟ್ಟು, ಊರಿಗೆ ಹೋಗುತ್ತಿದ್ದೇನೆ ಅಂದರು. ಹಲ್ಲು ಹೋಗಿತ್ತು. ಹಲ್ಲು ಹೋದರೆ ಟ್ರಂಪೆಟ್ ಹೋಯಿತು. ನನ್ನ ಹತ್ತಿರ ಆಗ ನುಡಿಸಲು ಪ್ಲೇಯರೂ ಇರಲಿಲ್ಲ. ಆ ತಟ್ಟೆಯಲ್ಲಿ ಡ್ರಮ್ಸ್ ನುಡಿಸಿದ್ದ ಜಿಮ್ಮಿ ಕಾಬ್ 2020ರಲ್ಲಿ ತೀರಿಕೊಂಡರು. ಆ ಏಳು ಜನರಲ್ಲಿ ಕೊನೆಯವರು. ಸುದ್ದಿ ಓದಿದ ದಿನ ತಟ್ಟೆ ಹಾಕಿ ಕವರು ಕೈಯಲ್ಲಿ ಹಿಡಿದು ಕೂತಿದ್ದೆ. ಆಗ ತಟ್ಟನೆ ಒಂದು ಮಾತು ಎದೆಗೆ ನಾಟಿತು.

ನನಗೆ ಅಂಕಲ್‌ರ ಹೆಸರು ಗೊತ್ತಿಲ್ಲ.

ಆರೇಳು ವರ್ಷ ದಿನಾ ಇಡ್ಲಿ ಕೊಟ್ಟವನು ಒಂದು ದಿನವೂ ಕೇಳಲಿಲ್ಲ. ಹೆಸರಿನ ಬೆಲೆಯ ಪಾಠ ಹೇಳಿಕೊಟ್ಟವರ ಹೆಸರನ್ನೇ! ಜೇರ್ ಮಹಲಿಗೆ ಹೋಗಿ ವಿಚಾರಿಸಿದೆ. ಯಾವ ಹಳ್ಳಿಯ ಕೂಡ್ ಎಂದು ಕೇಳಿದರು, ಅದೂ ನನಗೆ ಗೊತ್ತಿರಲಿಲ್ಲ. ಸಿನಿಮಾ ವಾದಕರ ಬಗ್ಗೆ ಗ್ರೆಗರಿ ಬೂತ್ 2008ರಲ್ಲಿ ತಂದ 'ಬಿಹೈಂಡ್ ದ ಕರ್ಟನ್' ಪುಸ್ತಕ, ಮುಂಬೈ ಜಾಝ್ ಬಗ್ಗೆ ನರೇಶ್ ಫರ್ನಾಂಡಿಸ್ 2012ರಲ್ಲಿ ತಂದ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' ಎರಡನ್ನೂ ಹುಡುಕಿದೆ. ಟ್ರಂಪೆಟ್ ವಾದಕರ ಹೆಸರು ಬಂದಲ್ಲೆಲ್ಲ ನಿಲ್ಲುತ್ತಿದ್ದೆ. ಇವರೇ ಇರಬಹುದೇ? ಹೆಸರೇ ತಿಳಿಯದವನು ಹೆಸರಿನ ಪಟ್ಟಿಯಲ್ಲಿ ಏನನ್ನು ಗುರುತಿಸಿಯಾನು!

ಅಂದಿನಿಂದ ಒಂದು ಕೆಲಸ ಮಾಡುತ್ತಿದ್ದೇನೆ. ನನ್ನ ಹತ್ತಿರವಿರುವ ಹಿಂದಿ ಸಿನಿಮಾ ತಟ್ಟೆಗಳ ಒಳಗೆ ಒಂದೊಂದು ಕಾಗದ ಇಡುತ್ತೇನೆ. ಪುಸ್ತಕಗಳಿಂದ, ಹಳೆಯ ವಾದಕರ ಸಂದರ್ಶನಗಳಿಂದ ಖಚಿತವಾಗಿ ತಿಳಿದಷ್ಟನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಅರೇಂಜ್‌ಮೆಂಟ್ ಇಂಥವರು, ಸ್ಯಾಕ್ಸೊಫೋನ್ ಇಂಥವರು. ಗೊತ್ತಿಲ್ಲದ ಕಡೆ ಖಾಲಿ ಬಿಡುತ್ತೇನೆ. ಅಂಕಲ್ ತೋರಿಸಿದ ಆ ಸಿನಿಮಾ ರೆಕಾರ್ಡು ಆಮೇಲೆ ಚೋರ್ ಬಜಾರಿನಲ್ಲಿ ನನಗೆ ಸಿಕ್ಕಿತು. ಅದರ ಕಾಗದದ ಮೇಲೆ 'ಟ್ರಂಪೆಟ್: ಧೋಬಿ ತಲಾವಿನ ಅಂಕಲ್' ಎಂದಷ್ಟೇ ಇದೆ.

ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಮನೆಯ ಅಟ್ಟದಲ್ಲಿ ತಟ್ಟೆಗಳಿದ್ದರೆ, ಅದು ಜಾಝ್ ಆಗಿರಲಿ, ಯಕ್ಷಗಾನ ಆಗಿರಲಿ, ಸಿನಿಮಾ ಹಾಡಾಗಿರಲಿ, ರದ್ದಿಗೆ ಹಾಕುವ ಮುನ್ನ ತಿರುಗಿಸಿ ಓದಿ. ಮಾರಬೇಕಾದರೆ ಮಾರಿ, ಅದರಲ್ಲಿ ತಪ್ಪೇನಿಲ್ಲ, ಮುಂಬೈಯ ಮನೆಗಳ ಅಳತೆ ನನಗೂ ಗೊತ್ತು. ಆದರೆ ಕವರನ್ನೂ ತಟ್ಟೆಯನ್ನೂ ಬೇರೆ ಮಾಡಬೇಡಿ, ನುಡಿಸುವವರಿಗೆ ಕೊಡಿ. ಅದರಲ್ಲಿ ದುಡಿದವರ ಹೆಸರು ನಿಮಗೆ ಗೊತ್ತಿದ್ದು ಅಲ್ಲಿ ಅಚ್ಚಾಗದಿದ್ದರೆ ಬರೆದಿಡಿ. ನಮ್ಮ ಹಿರಿಯರು ಈ ಊರಿನಲ್ಲಿ ಕಟ್ಟಿದ ಹೋಟೆಲುಗಳ ಕತೆ ಬರೆಯುವಾಗಲೂ ಅಷ್ಟೇ. ಧಣಿಗಳ ಫೋಟೋ ಸ್ಮರಣ ಸಂಚಿಕೆಯ ಮುಖಪುಟದಲ್ಲಿ ಬರಲಿ, ಬರಬೇಕಾದ್ದೇ. ಹಿಂಬದಿಯಲ್ಲಿ ದೋಸೆ ಹೊಯ್ದವನ ಹೆಸರೂ ಇರಲಿ.

ಕೆಫೆಯ ಹುಡುಗನಿಗೆ ನಿನ್ನೆ ಫೋನು ಮಾಡಿದೆ. ಕವರು ಮಾತ್ರ ಕೊಡುವುದಿಲ್ಲ, ತಟ್ಟೆ ಸಮೇತ ಇಪ್ಪತ್ತು ಎಲ್‌ಪಿ ಕೊಡುತ್ತೇನೆ, ಅರ್ಧ ರೇಟಿಗೆ. ಆದರೆ ಗೋಡೆಗೆ ಹೊಡೆಯಬಾರದು, ಕೆಫೆಯಲ್ಲಿ ಪ್ಲೇಯರ್ ಇಟ್ಟು ನುಡಿಸಬೇಕು, ಕವರು ಗಿರಾಕಿಗಳ ಕೈಗೆ ಸಿಗ್ಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ಭಾನುವಾರ ಬಂದು ಒಂದು ಸೈಡ್ ಕೇಳ್ತೇನೆ, ಆಮೇಲೆ ಹೇಳ್ತೇನೆ" ಅಂದ. ಅಷ್ಟು ಸಾಕು. ನನ್ನವಳು ಮಾತ್ರ ಅರ್ಧ ರೇಟು ಎಂದದ್ದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾಳೆ.

ಫೋನು ಇಡುವ ಮೊದಲು ಒಂದು ಕೆಲಸ ಮರೆಯಲಿಲ್ಲ. ಅವನ ಪೂರ್ತಿ ಹೆಸರು ಕೇಳಿ, ಡೈರಿಯಲ್ಲಿ ಬರೆದುಕೊಂಡೆ.